ಹೊಸ ಡಿಸ್ಕ್, ಹೊಸ ಪ್ಯಾಡ್, ಆದರೂ ಚಕ್ರ ಕೆಂಡ

ಪ್ರಶ್ನೆ: ನನ್ನ ಕಾರಿನ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ ಹಾಕಿದೆ. ಕೆಲಸ ನಾನೇ ಮನೆಯಲ್ಲಿ ಮಾಡಿದ್ದು, ಮೊದಲೂ ಪ್ಯಾಡ್ ಬದಲಾಯಿಸಿ ಅಭ್ಯಾಸವಿದೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಸದ್ದೂ ಇಲ್ಲ. ಆದರೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಎಡಗಡೆಯ ಮುಂದಿನ ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಕಾವು, ಜೊತೆಗೆ ಸುಟ್ಟ ವಾಸನೆ. ಬಲಗಡೆ ಅಷ್ಟಿಲ್ಲ. ಹಳೆಯ ಪ್ಯಾಡ್ ಇದ್ದಾಗ ಈ ತೊಂದರೆ ಇರಲಿಲ್ಲ. ಪಾರ್ಟ್ಸ್ ಕೊಟ್ಟವರು ‘ಪ್ಯಾಡ್ ಕ್ವಾಲಿಟಿ ಸರಿಯಿಲ್ಲ, ಬೇರೆ ಹಾಕಿ ನೋಡಿ’ ಅನ್ನುತ್ತಾರೆ. ಗೆಳೆಯ ‘ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೋಗಿದೆ’ ಅನ್ನುತ್ತಾನೆ. ಇನ್ನೊಬ್ಬರು ‘ಓಡ್ತಾ ಓಡ್ತಾ ಸರಿಹೋಗುತ್ತೆ ಬಿಡಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರದ್ದೂ ಬೇಡ. ಇನ್ನೊಂದು ಪಾರ್ಟ್ ಕೊಳ್ಳುವ ಮೊದಲು ಕಾರನ್ನೇ ಎರಡು ಪ್ರಶ್ನೆ ಕೇಳಬೇಕು. ಯಾವ ಚಕ್ರ ಬಿಸಿಯಾಗುತ್ತಿದೆ? ಅಲ್ಲಿ ಸಿಕ್ಕಿಕೊಂಡಿರುವುದು ಬ್ರೇಕ್ ಆಯಿಲ್‌ನ ಒತ್ತಡವೋ, ಇಲ್ಲ ಬರೀ ಲೋಹವೋ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮೊದಲನೆಯದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ. ಎಡಗಡೆ ಮಾತ್ರ ಬಿಸಿ. ಪ್ಯಾಡ್ ಕ್ವಾಲಿಟಿಯ ದೋಷವಾಗಿದ್ದರೆ ಬಲಗಡೆಯೂ ಅಷ್ಟೇ ಕಾಯಬೇಕಿತ್ತು, ಯಾಕಂದ್ರೆ ಎರಡೂ ಕಡೆ ಹಾಕಿದ್ದು ಒಂದೇ ಡಬ್ಬದ ಪ್ಯಾಡ್. ಹೊಸದು ಹೊಂದಿಕೊಳ್ಳುವಾಗಿನ ಬಿಸಿಯೂ ಎರಡೂ ಕಡೆ ಸಮ ಇರುತ್ತದೆ. ಒಂದೇ ಚಕ್ರ ಬಿಸಿ ಅಂದರೆ ರೋಗ ಆ ಚಕ್ರದ ಹತ್ತಿರವೇ ಇದೆ. ಒಂದು ಮುಂದಿನದು ಮತ್ತು ಅದಕ್ಕೆ ಓರೆಯಾಗಿ ಎದುರಿನ ಹಿಂದಿನದು, ಉದಾಹರಣೆಗೆ ಮುಂದಿನ ಎಡ ಹಾಗೂ ಹಿಂದಿನ ಬಲ, ಎರಡೂ ಒಟ್ಟಿಗೆ ಬಿಸಿಯಾದರೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗದ ಕಡೆ ನೋಡಬೇಕು. ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಲೈನ್ ಹೀಗೆ ಅಡ್ಡಕ್ಕೆ ಎರಡು ಭಾಗವಾಗಿರುತ್ತದೆ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯಲಿ ಅಂತ. ನಿಮ್ಮ ಹಿಂದಿನ ಬಲ ಚಕ್ರವನ್ನೂ ಒಮ್ಮೆ ನೋಡಿಬಿಡಿ. ಅದು ತಣ್ಣಗಿದ್ದರೆ ಆ ಚಿಂತೆ ಬಿಡಿ.

ಈಗ ಎರಡನೆಯ ಪ್ರಶ್ನೆ. ಪೆಡಲ್ ಬಿಟ್ಟಾಗ ಪ್ಯಾಡನ್ನು ಡಿಸ್ಕಿನಿಂದ ಹಿಂದಕ್ಕೆ ಎಳೆಯುವುದು ಏನು ಅಂತ ಯೋಚಿಸಿದ್ದೀರಾ? ದೊಡ್ಡ ಸ್ಪ್ರಿಂಗ್ ಏನೂ ಇಲ್ಲ. ಕ್ಯಾಲಿಪರ್ ಪಿಸ್ಟನ್ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇರುತ್ತದೆ. ಪಿಸ್ಟನ್ ಮುಂದೆ ಹೋದಾಗ ಅದು ಚೂರು ಬಾಗುತ್ತದೆ, ಒತ್ತಡ ಇಳಿದಾಗ ಮತ್ತೆ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ. ಆ ಕೂದಲೆಳೆ ಜಾಗ ಎಲ್ಲಿ ತಪ್ಪಿದರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ನೀವು ಬ್ರೇಕ್ ಮುಟ್ಟದಿದ್ದರೂ.

‘ಹಳೆಯ ಪ್ಯಾಡ್ ಇದ್ದಾಗ ಇರಲಿಲ್ಲ’ ಅಂದಿರಿ. ಅದಕ್ಕೂ ಕಾರಣವಿದೆ, ಹೊಸ ಪ್ಯಾಡ್ ಮೇಲೆ ಅನುಮಾನ ಬರುವುದು ಇದರಿಂದಲೇ. ಪ್ಯಾಡ್ ಸವೆದ ಹಾಗೆಲ್ಲ ಪಿಸ್ಟನ್ ಹೊರಗೆ ಬಂದಿರುತ್ತದೆ. ಹಾಗೆ ಹೊರಬಂದ ಭಾಗದ ಮೇಲೆ, ಧೂಳು ತಡೆಯುವ ರಬ್ಬರ್ ಬೂಟ್ ಹರಿದಿದ್ದರಂತೂ ಖಂಡಿತ, ತುಕ್ಕು ಮತ್ತು ಕೊಳೆ ಕೂತಿರುತ್ತದೆ. ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನ್ನನ್ನು ಒತ್ತಿ ಒಳಗೆ ಕಳಿಸುತ್ತೀರಿ. ಆಗ ಆ ತುಕ್ಕು ಹಿಡಿದ ಭಾಗವೇ ಸೀಲ್ ಒಳಗೆ ಹೋಗಿ ಕೂರುತ್ತದೆ, ಸೀಲ್ ಅದನ್ನು ಹಿಂದಕ್ಕೆ ಎಳೆಯಲಾರದು. ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್‌ಗಳ ಕಥೆಯೂ ಇದೇ, ವರ್ಷಗಟ್ಟಲೆ ಓಡಾಡದ ಜಾಗಕ್ಕೆ ಅವು ವಾಪಸ್ ಬಂದಿರುತ್ತವೆ. ಅಂದರೆ ದೋಷ ಹಳೆಯದೇ, ಹೊಸ ಪ್ಯಾಡ್ ಅದನ್ನು ಹೊರಗೆ ತೋರಿಸಿತು.

ಪರೀಕ್ಷೆ ಹೀಗೆ ಮಾಡಿ. ಬಿಸಿಯಾಗುವಷ್ಟು ಓಡಿಸಿ ಬಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಮುಂದಿನ ಎಡಗಡೆ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಣ್ಣಗೆ ಸವರುವ ಸದ್ದು ಬಂದರೆ ಅದು ಮಾಮೂಲು. ತಿರುಗಿಸಲು ಮೈ ಬಲವೆಲ್ಲ ಬೇಕಾದರೆ ಬ್ರೇಕ್ ಹಿಡಿದುಕೊಂಡಿದೆ. ಹಿಡಿದಿರುವಾಗಲೇ ಕ್ಯಾಲಿಪರ್ ಹಿಂದೆ ಆಯಿಲ್ ಹೊರಬಿಡಲು ಇರುವ ಬ್ಲೀಡರ್ ನಿಪ್ಪಲ್‌ಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ, ಅದರ ತುದಿ ಬಾಟಲಿಯಲ್ಲಿಟ್ಟು, ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಕಣ್ಣಿಗೆ ಕನ್ನಡಕ ಇರಲಿ, ಬಿಸಿ ಆಯಿಲ್ ಚಿಮ್ಮಬಹುದು, ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಸಡಿಲವಾಯಿತೋ, ಒತ್ತಡ ಸಿಕ್ಕಿಕೊಂಡಿತ್ತು. ಏನೂ ವ್ಯತ್ಯಾಸ ಆಗಲಿಲ್ಲವೋ, ಸಿಕ್ಕಿಕೊಂಡಿರುವುದು ಲೋಹ. ನಿಪ್ಪಲ್ ಮತ್ತೆ ಬಿಗಿ ಮಾಡಲು ಮರೆಯಬೇಡಿ. ಪೆಡಲ್ ಒಮ್ಮೆ ಒತ್ತಿ ನೋಡಿ, ಮೆತ್ತಗಿದ್ದರೆ ಗಾಳಿ ಸೇರಿದೆ, ಬ್ಲೀಡ್ ಮಾಡಿ, ಅಂದರೆ ಆ ಗಾಳಿ ಹೊರಹಾಕಿಯೇ, ಗಾಡಿ ತೆಗೆಯಿರಿ.

ಚಕ್ರ ಸಡಿಲವಾಗದಿದ್ದರೆ ಕ್ಯಾಲಿಪರ್ ಬಿಚ್ಚಿ. ನನ್ನ ಮೊದಲ ಅನುಮಾನ ಸ್ಲೈಡ್ ಪಿನ್ ಮೇಲೆ. ಎರಡನ್ನೂ ಕೈಯಲ್ಲಿ ಆಡಿಸಿದರೆ ಸಲೀಸಾಗಿ ಹೋಗಿ ಬರಬೇಕು, ಸುತ್ತಿಗೆ ಬೇಕಾಗಬಾರದು. ಎರಡೂ ಪಿನ್ ಒಂದೇ ಥರ ಕಂಡರೂ ಎಷ್ಟೋ ಕಾರುಗಳಲ್ಲಿ ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ, ಮೇಲಿನದು ಕೆಳಗೆ ಕೆಳಗಿನದು ಮೇಲೆ ಹಾಕಿದರೆ ಬಿಗಿಯಾಗುತ್ತದೆ. ಹಳೆಯ ಗ್ರೀಸ್ ಪೂರ್ತಿ ಒರೆಸಿ, ಪಿನ್ ಕೂರುವ ತೂತನ್ನೂ ಸ್ವಚ್ಛ ಮಾಡಿ, ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡವೇ ಬೇಡ. ಅದರಲ್ಲಿರುವ ಖನಿಜ ತೈಲ ಬ್ರೇಕಿನ ರಬ್ಬರನ್ನು ಊದಿಸುತ್ತದೆ, ಇವತ್ತು ಚೆನ್ನಾಗಿ ಜಾರುವ ಪಿನ್ ಸ್ವಲ್ಪ ದಿನದಲ್ಲಿ ಕಚ್ಚಿಕೊಳ್ಳುತ್ತದೆ. ಒಳ್ಳೆಯ ಗ್ರೀಸನ್ನೂ ಜಾಸ್ತಿ ತುಂಬಬೇಡಿ, ತೂತಿನ ತಳದಲ್ಲಿ ಗಾಳಿ ಸಿಕ್ಕಿಕೊಂಡು ಪಿನ್ ಒಳಗೆ ಹೋಗುವುದಿಲ್ಲ.

ಆಮೇಲೆ ಪ್ಯಾಡ್ ಕೂರುವ ಜಾಗ. ಪ್ಯಾಡಿನ ಎರಡು ತುದಿಯ ಕಿವಿಗಳು ಬ್ರ್ಯಾಕೆಟ್ಟಿನ ಸ್ಟೀಲ್ ಕ್ಲಿಪ್‌ಗಳ ಮೇಲೆ ಜಾರಬೇಕು. ಕ್ಲಿಪ್ ಕೆಳಗೆ ತುಕ್ಕು ಬೆಳೆದಿದ್ದರೆ ಅದು ಕ್ಲಿಪ್ಪನ್ನು ಮೇಲಕ್ಕೆ ಒತ್ತಿ ಜಾಗ ಕಿರಿದು ಮಾಡುತ್ತದೆ. ಹೊಸ ಪ್ಯಾಡನ್ನು ತಟ್ಟಿ ತಟ್ಟಿ ಕೂರಿಸಿದ ನೆನಪಿದೆಯಾ? ಇದ್ದರೆ ಕಳ್ಳ ಇಲ್ಲೇ ಸಿಕ್ಕ. ಕ್ಲಿಪ್ ತೆಗೆದು, ವೈರ್ ಬ್ರಷ್ ಅಥವಾ ಫೈಲ್‌ನಲ್ಲಿ ತುಕ್ಕು ಕೆರೆದು, ಹೊಸ ಕ್ಲಿಪ್ ಹಾಕಿ. ಪ್ಯಾಡ್ ಬೆರಳಿನ ಒತ್ತಡಕ್ಕೇ ಜಾರಬೇಕು. ಪ್ಯಾಡಿನ ಕಿವಿಯನ್ನು ಉಜ್ಜಿ ಚಿಕ್ಕದು ಮಾಡುವವರಿದ್ದಾರೆ. ಕಿವಿಯ ಮೇಲಿನ ದಪ್ಪ ಪೇಂಟ್ ಕೆರೆದರೆ ತಪ್ಪಿಲ್ಲ, ಆದರೆ ಬ್ರ್ಯಾಕೆಟ್ ತುಕ್ಕು ಬಿಟ್ಟು ಪ್ಯಾಡ್ ಲೋಹ ಸವೆಸುವುದು ನನಗೆ ಸರಿ ಕಾಣುವುದಿಲ್ಲ.

ಇವೆರಡೂ ಚೆನ್ನಾಗಿದ್ದರೆ ಪಿಸ್ಟನ್. ಒತ್ತಿ ಒಳಗೆ ಕಳಿಸುವಾಗ ಬಲಗಡೆಗಿಂತ ಎಡಗಡೆ ತುಂಬಾ ಬಿಗಿ ಅನಿಸಿದರೆ ಬೂಟ್ ಎತ್ತಿ ನೋಡಿ. ಒಳಗೆ ತುಕ್ಕು ಅಥವಾ ನೀರು ಕಂಡರೆ ಗೆಳೆಯನ ಮಾತು ನಿಜ. ಸೀಲ್ ಕಿಟ್ ಹಾಕಬಹುದು, ಪಿಸ್ಟನ್ ಮೇಲೆ ಗುಳಿ ಬಿದ್ದಿದ್ದರೆ ಪಿಸ್ಟನ್ ಅಥವಾ ಇಡೀ ಕ್ಯಾಲಿಪರ್ ಬದಲಾಯಿಸುವುದೇ ಮೇಲು. ಹಿಂದಿನ ತಗಡಿನ ಕವರ್ ಬಾಗಿ ಡಿಸ್ಕಿಗೆ ತಾಗುತ್ತಿದೆಯೇ, ಸವೆತ ತೋರಿಸುವ ಸಣ್ಣ ಲೋಹದ ನಾಲಿಗೆ ಬಾಗಿದೆಯೇ ಅಂತಲೂ ನೋಡಿಬಿಡಿ, ಎರಡು ನಿಮಿಷದ ಕೆಲಸ.

ಇನ್ನು, ನಿಪ್ಪಲ್ ಸಡಿಲಿಸಿದ ಕೂಡಲೇ ಚಕ್ರ ಬಿಟ್ಟುಕೊಂಡಿತು ಅಂದುಕೊಳ್ಳಿ. ಒಂದೇ ಚಕ್ರದಲ್ಲಿ ಹೀಗಾದರೆ ಹೆಚ್ಚಾಗಿ ಅದು ಕ್ಯಾಲಿಪರ್‌ಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್. ಹೊರಗೆ ಹೊಸದರ ಹಾಗೆ ಕಂಡರೂ ಒಳಗಿನ ಪದರ ಕಿತ್ತು ಬಂದಿರುತ್ತದೆ. ನೀವು ಪೆಡಲ್ ಒತ್ತುವ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರಲು ಅಷ್ಟು ಬಲವಿಲ್ಲ, ಹಾಗಾಗಿ ಅಲ್ಲೇ ಉಳಿಯುತ್ತದೆ. ಪ್ಯಾಡ್ ಹಾಕುವಾಗ ಕ್ಯಾಲಿಪರನ್ನು ಹೋಸ್ ಮೇಲೇ ಜೋತು ಬಿಟ್ಟಿದ್ದರಾ? ಅದು ತೂಕದ ವಸ್ತು, ಹಳೆಯ ಹೋಸ್ ಒಳಗೆ ಹರಿಯಲು ಅಷ್ಟು ಸಾಕು. ಮುಂದಿನ ಸಲ ಒಂದು ತಂತಿಯಲ್ಲಿ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ. ಹೋಸ್ ಬದಲಾಯಿಸುವುದಾದರೆ ಎರಡೂ ಕಡೆಯದ್ದು ಒಟ್ಟಿಗೆ ಬದಲಾಯಿಸಿ, ಅವೆರಡರ ವಯಸ್ಸೂ ಒಂದೇ ಅಲ್ವಾ.

ಇದೆಲ್ಲ ಆಗುವವರೆಗೆ ‘ಓಡ್ತಾ ಓಡ್ತಾ ಸರಿಹೋಗುತ್ತೆ’ ಅಂತ ಓಡಿಸಬೇಡಿ. ವಾಸನೆಯಷ್ಟೇ ಆದರೆ ಸಹಿಸಬಹುದಿತ್ತು. ಕ್ಯಾಲಿಪರ್ ಒಳಗಿನ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ, ಡಾಟ್ 3 ಆದರೆ 205ಕ್ಕೆ. ಅದು ಗಾಳಿಯ ತೇವ ಹೀರುವ ಆಯಿಲ್. ತೇವ ಶೇ 3.7ಕ್ಕೆ ಬಂದರೆ ಡಾಟ್ 4ರ ಮಿತಿ 155ಕ್ಕೂ ಡಾಟ್ 3ರದ್ದು 140ಕ್ಕೂ ಇಳಿಯುತ್ತದೆ. ಕೈ ಒಯ್ಯಲಾಗದಷ್ಟು ಕಾದ ಚಕ್ರಕ್ಕೆ ಅದೇನೂ ದೂರದ ಲೆಕ್ಕ ಅಲ್ಲ.

ಪ್ರಶ್ನೆ: ಪ್ಯಾಡ್, ಡಿಸ್ಕ್ ಬದಲಾಯಿಸಿದ ಮೊದಲ ದಿನವೇ ಎರಡೂ ಮುಂದಿನ ಚಕ್ರದಿಂದ ಸಣ್ಣ ಹೊಗೆ, ವಾಸನೆ. ಗಾಬರಿ ಪಡಬೇಕಾ?

ಉತ್ತರ: ಎರಡೂ ಕಡೆ ಸಮ ಇದ್ದು, ಸ್ವಲ್ಪ ಓಡಿಸಿದ ಮೇಲೆ ಕಡಿಮೆಯಾದರೆ ಬೇಡ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಹಾಕುವ ಮೊದಲು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು, ಒರೆಸದಿದ್ದರೆ ಅದೇ ಸುಡುತ್ತದೆ. ಪ್ಯಾಡಿನೊಳಗಿನ ಅಂಟೂ ಮೊದಲ ಸಲ ಕಾದಾಗ ವಾಸನೆ ಬಿಡುತ್ತದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು, ಖಾಲಿ ರಸ್ತೆಯಲ್ಲಿ 50-60 ಕಿ.ಮೀ. ವೇಗದಿಂದ 15ರವರೆಗೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ, ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಟ್ಟು, ಮತ್ತೆ ಮಾಡಿ. ಹತ್ತು ಸಲದ ಆಸುಪಾಸು ಸಾಕು. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಯೇ ಹಿಡಿಯಬೇಡಿ, ಬಿಸಿ ಪ್ಯಾಡಿನ ಗುರುತು ಡಿಸ್ಕ್ ಮೇಲೆ ಉಳಿಯುತ್ತದೆ. ಪ್ಯಾಡ್ ಡಬ್ಬದ ಮೇಲೆ ಬೇರೆ ವಿಧಾನ ಬರೆದಿದ್ದರೆ ಅದನ್ನೇ ಅನುಸರಿಸಿ.

ಪ್ರಶ್ನೆ: ಬ್ರೇಕ್ ಎಷ್ಟು ಬಿಸಿಯಾದರೆ ಮಾಮೂಲು? ಲೇಸರ್ ಥರ್ಮಾಮೀಟರ್ ತಂದು ಅಳೆದರೆ ದಿನಕ್ಕೊಂದು ಅಂಕಿ ತೋರಿಸುತ್ತದೆ.

ಉತ್ತರ: ತೋರಿಸಲೇಬೇಕು. ಬಿಸಿಯಾಗುವುದೇ ಬ್ರೇಕಿನ ಕೆಲಸ. 1200 ಕಿಲೋ ತೂಕದ ಕಾರನ್ನು 80 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹೊರಬರುವ ಶಾಖದಲ್ಲಿ ಒಂದು ಲೀಟರ್ ನೀರು 25 ಡಿಗ್ರಿಯಿಂದ 95ರ ಹತ್ತಿರ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕಿಗೆ ಬರುತ್ತದೆ. ವೇಗ ಅರ್ಧವಾದರೆ ಶಾಖ ಕಾಲು ಭಾಗ ಮಾತ್ರ. ಹಾಗಾಗಿ ಇವತ್ತಿನ ಅಂಕಿಯನ್ನು ನಿನ್ನೆಯದ್ದರ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಎಡವನ್ನು ಬಲದ ಜೊತೆ ಹೋಲಿಸಿ. ಎರಡೂ ಕಡೆ ಡಿಸ್ಕಿನ ಅದೇ ಜಾಗ, ಅಷ್ಟೇ ದೂರದಿಂದ. ಇನ್ನೊಂದು ವಿಷಯ, ಫಳಫಳ ಹೊಳೆಯುವ ಲೋಹದ ಮೇಲೆ ಆ ಥರ್ಮಾಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. 90 ಕಂಡಿತು ಅಂತ ಬೆರಳಿಡಲು ಹೋಗಬೇಡಿ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಬ್ರೇಕ್ ತಣ್ಣಗಿರುವಾಗ ಹೊರಟು, ಖಾಲಿ ರಸ್ತೆಯಲ್ಲಿ ಆದಷ್ಟು ಬ್ರೇಕ್ ಒತ್ತದೆ ಕೆಲವು ಕಿಲೋಮೀಟರ್ ಓಡಿಸಿ, ಗೇರ್ ಇಳಿಸುತ್ತಾ ವೇಗ ತಗ್ಗಿಸಿ ನಿಲ್ಲಿಸಿ. ಬ್ರೇಕ್ ಹಾಕದೆಯೂ ಒಂದು ಚಕ್ರ ಸುಡುತ್ತಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ. ಡಿಸ್ಕ್‌ಗಿಂತ ಮಧ್ಯದ ಹಬ್ಬೇ ಹೆಚ್ಚು ಬಿಸಿಯಿದ್ದು, ವೇಗದ ಜೊತೆ ಗುಂಯ್ ಅನ್ನುವ ಸದ್ದೂ ಏರಿದರೆ ವೀಲ್ ಬೇರಿಂಗ್ ನೋಡಿಸಿ.

ಪ್ರಶ್ನೆ: ಹಿಂದಿನ ಡಿಸ್ಕ್ ಪ್ಯಾಡ್ ಬದಲಾಯಿಸಿದ ಮೇಲೆ ಹಿಂದಿನ ಎರಡೂ ಚಕ್ರ ಬಿಸಿ. ಪಿಸ್ಟನ್ ಒಳಗೆ ಹೋಗಲೇ ಇಲ್ಲ, ಸಿ ಕ್ಲ್ಯಾಂಪ್ ಹಾಕಿ ಬಲವಾಗಿ ಒತ್ತಬೇಕಾಯಿತು.

ಉತ್ತರ: ಅಯ್ಯೋ. ನಿಮ್ಮದು ಕೇಬಲ್ ಹ್ಯಾಂಡ್‌ಬ್ರೇಕ್ ಕ್ಯಾಲಿಪರ್ ಒಳಗೇ ಇರುವ ಮಾದರಿ ಅನಿಸುತ್ತದೆ. ಅದರ ಪಿಸ್ಟನ್ ಒಳಗೆ ಸ್ಕ್ರೂ ಇರುತ್ತದೆ, ಒತ್ತುವುದಲ್ಲ, ತಿರುಗಿಸುತ್ತಾ ಒಳಗೆ ಕಳಿಸಬೇಕು. ಅದಕ್ಕೆ ಅಂತಲೇ ಟೂಲ್ ಸಿಗುತ್ತದೆ. ಕೆಲವು ಕಾರಿನಲ್ಲಿ ಎಡಬಲಕ್ಕೆ ತಿರುಗಿಸುವ ದಿಕ್ಕೂ ಬೇರೆ ಬೇರೆ. ಬಲವಾಗಿ ಒತ್ತಿದಾಗ ಒಳಗಿನ ಅಡ್ಜಸ್ಟರ್ ಹಾಳಾಗಿರಬಹುದು, ಬಿಚ್ಚಿಸಿ ನೋಡಲೇಬೇಕು. ಹಾಳಾಗಿರದಿದ್ದರೆ ಪಿಸ್ಟನ್ ಮುಖದ ಕಚ್ಚು ಗಮನಿಸಿ. ಪ್ಯಾಡಿನ ಹಿಂಬದಿಯ ಮೊಳೆ ಅದರೊಳಗೆ ಕೂರಬೇಕು, ತಪ್ಪಿ ಮೇಲೆ ಕೂತರೆ ಪ್ಯಾಡ್ ಓರೆಯಾಗಿ ಉಜ್ಜುತ್ತದೆ.

ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ನೋಡಿ. ಹಳೆಯ ಪ್ಯಾಡ್ ಸವೆದಾಗ ಯಾರೋ ಕೇಬಲ್ ಬಿಗಿ ಮಾಡಿದ್ದರೆ ಹೊಸ ದಪ್ಪ ಪ್ಯಾಡಿಗೆ ಅದು ಜಾಸ್ತಿಯಾಗುತ್ತದೆ. ಲಿವರ್ ಪೂರ್ತಿ ಇಳಿಸಿದಾಗ ಕ್ಯಾಲಿಪರ್ ಮೇಲಿನ ಸಣ್ಣ ತೋಳು ತನ್ನ ತಡೆಗೆ ತಾಗಿ ನಿಲ್ಲಬೇಕು. ಬಟನ್ ಹ್ಯಾಂಡ್‌ಬ್ರೇಕ್ ಇರುವ ಕಾರಾದರೆ ಪ್ಯಾಡ್ ಮುಟ್ಟುವ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ ಮೋಟಾರ್ ಹಿಂದಕ್ಕೆ ಸರಿಸಬೇಕು. ಅದಿಲ್ಲದೆ ಸುಮ್ನೆ ಒತ್ತಿದರೆ ಹೋಗುವುದು ಮೋಟಾರ್.

ಪ್ರಶ್ನೆ: ನಾಲ್ಕೂ ಚಕ್ರ ಕಾಯುತ್ತವೆ. ಹೊರಟಾಗ ಸರಿ ಇರುತ್ತದೆ, ಓಡಿಸುತ್ತಾ ಹೋದಂತೆ ಪೆಡಲ್ ಮೇಲಕ್ಕೆ ಬಂದು ಗಟ್ಟಿಯಾಗುತ್ತದೆ, ಗಾಡಿ ಎಳೆಯುವುದೇ ಇಲ್ಲ. ತಣ್ಣಗಾದ ಮೇಲೆ ಮತ್ತೆ ಸರಿ. ಪ್ಯಾಡ್ ಜೊತೆ ಮಾಸ್ಟರ್ ಸಿಲಿಂಡರ್ ಕೂಡ ಬದಲಾಯಿಸಿದ್ದೆವು.

ಉತ್ತರ: ಕೊನೆಯ ವಾಕ್ಯವೇ ಸುಳಿವು. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಸಣ್ಣ ದಾರಿ ತೆರೆದು, ಬಿಸಿಯಿಂದ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸ್ ಹೋಗಬೇಕು. ಪೆಡಲ್ ಒತ್ತುವ ಬಲ ಹೆಚ್ಚಿಸುವ ಬೂಸ್ಟರ್‌ನಿಂದ ಬರುವ ಪುಶ್ ರಾಡ್ ಚೂರು ಉದ್ದವಾದರೂ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆ ದಾರಿ ಮುಚ್ಚಿಯೇ ಇರುತ್ತದೆ. ಆಯಿಲ್ ಹಿಗ್ಗಿದಷ್ಟೂ ಬ್ರೇಕ್ ಬಿಗಿ, ಬಿಗಿಯಾದಷ್ಟೂ ಬಿಸಿ. ಹಿಡಿದುಕೊಂಡ ಹೊತ್ತಿನಲ್ಲಿ, ಚಕ್ರಕ್ಕೆ ಅಡ್ಡ ಕೊಟ್ಟು, ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ ಕಟ್ಟಿರುವ ಎರಡು ನಟ್ ಸಡಿಲಿಸಿ ಸಿಲಿಂಡರನ್ನು ಕೆಲವೇ ಮಿ.ಮೀ. ಮುಂದೆ ಎಳೆಯಿರಿ. ಬ್ರೇಕ್ ಬಿಟ್ಟುಕೊಂಡರೆ ರಾಡ್ ಹೊಂದಾಣಿಕೆ ತಪ್ಪಿದೆ, ಇಲ್ಲವೇ ಪೆಡಲ್ ಪೂರ್ತಿ ಮೇಲೆ ಬರದಂತೆ ಬ್ರೇಕ್ ಲೈಟ್ ಸ್ವಿಚ್ ತಡೆಯುತ್ತಿದೆ. ಅದನ್ನು ಸರಿಮಾಡಿ ನಟ್ ಬಿಗಿಯಾಗುವವರೆಗೆ ಗಾಡಿ ಅಲ್ಲಾಡಿಸಬೇಡಿ.

ಬಿಟ್ಟುಕೊಳ್ಳದಿದ್ದರೆ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ರಬ್ಬರ್ ನೋಡಿ. ಅದು ಊದಿ ಸೊಟ್ಟಗಾಗಿದ್ದರೆ ಯಾರೋ ತಪ್ಪಿ ಪವರ್ ಸ್ಟೀರಿಂಗ್ ಆಯಿಲೋ ಎಂಜಿನ್ ಆಯಿಲೋ ಹಾಕಿದ್ದಾರೆ. ಆಗ ಬರೀ ಆಯಿಲ್ ಬದಲಾಯಿಸಿದರೆ ಸಾಲದು. ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ಕ್ಯಾಲಿಪರ್, ಹೋಸ್‌ವರೆಗೆ ರಬ್ಬರ್ ಇರುವ ಎಲ್ಲವೂ ಹೋಗಬೇಕು. ಖರ್ಚಿನ ಮಾತು, ಆದರೆ ಬೇರೆ ದಾರಿ ಇಲ್ಲ.

ಪ್ರಶ್ನೆ: ದಾರಿಯಲ್ಲಿ ಚಕ್ರದಿಂದ ಹೊಗೆ ಬಂದರೆ ನೀರು ಸುರಿಯಬಹುದಾ?

ಉತ್ತರ: ಬೆಂಕಿ ಹತ್ತದ ಹೊರತು ಬೇಡ. ಕಾದ ಎರಕದ ಕಬ್ಬಿಣದ ಡಿಸ್ಕ್ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಒಣ ಹುಲ್ಲು ಇಲ್ಲದ ಕಡೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಗೇರ್‌ನಲ್ಲಿ ಬಿಟ್ಟು, ಬಿಸಿಯಿಲ್ಲದ ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ತಣಿಯಲು ಬಿಡಿ. ಉರಿ ಕಂಡರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ, ಆಮೇಲೆ ಬೆಂಕಿ ನಂದಿಸುವ ಸಿಲಿಂಡರ್. ತಣಿದ ಮೇಲೆ ಹೊರಡುವ ಮೊದಲು ಪೆಡಲ್ ಒತ್ತಿ ನೋಡಿ. ಸ್ಪಂಜಿನಂತೆ ಮೆತ್ತಗಿದ್ದರೆ ಅಲ್ಲಿಂದ ಟೋಯಿಂಗ್ ಗಾಡಿಯಲ್ಲೇ ತೆಗೆದುಕೊಂಡು ಹೋಗಿ.